ಕಿಟಕಿ ಸೀಟಿನ ನಿದ್ದೆ

ನಮ್ಮ ಮಾವನವರಿಗೆ ಮಂಚ ಇದೆ, ಹಾಸಿಗೆ ಇದೆ, ದಿಂಬಿದೆ, ಮೇಲೊಂದು ಫ್ಯಾನೂ ಇದೆ. ಆದರೆ ಮಧ್ಯಾಹ್ನದ ನಿದ್ದೆ ಮಾತ್ರ ಅವರು ಮಾಡೋದು ಸಿಟಿ ಬಸ್ಸಲ್ಲಿ! ಎಲ್ಲಿಗೋ ಹೋಗುವಾಗ ಕಣ್ಣು ಹತ್ತೋದು ಬೇರೆ, ಅದು ನಿಮಗೂ ಆಗುತ್ತೆ, ನನಗೂ ಆಗುತ್ತೆ. ಇವರು ಮಲಗೋಕೆ ಅಂತಲೇ ಬಸ್ ಹತ್ತೋರು. ಕೇಳಿ ನಗುವವರು ನಗಲಿ. ನನಗೆ ನಗು ಬರಲ್ಲ, ಮೈ ಉರಿಯುತ್ತೆ.

ಯಾಕೆ ಅಂತ ಹೇಳ್ತೀನಿ. ನಾನು ಫ್ರೇಜರ್ ಟೌನಿನ ಒಂದು ಬೇಕರಿ ಕೌಂಟರಲ್ಲಿ ನಿಲ್ಲೋಳು. ಕತ್ತಲಿರುವಾಗಲೇ ಎದ್ದು, ಅಡುಗೆ ಮುಗಿಸಿ, ಮರ್ಫಿ ಟೌನಿಂದ ಓಡಬೇಕು. ಬೆಳಗಾಗುತ್ತಲೇ ಜನಕ್ಕೆ ಬಿಸಿ ಬನ್ನು ಬೇಕಲ್ಲ! ಮಧ್ಯಾಹ್ನ ಬಂದು ಮಾವನವರಿಗೆ ಬಡಿಸಿ, ಪಾತ್ರೆ ತೊಳೆದರೆ, ಮಗಳು ಸ್ಕೂಲಿಂದ ಬರೋವರೆಗೆ ಒಂದು ಗಂಟೆ ಹೊತ್ತು ಸಿಗುತ್ತೆ. ಇಡೀ ದಿನದಲ್ಲಿ ನನ್ನದು ಅಂತ ಇರೋದು ಆ ಒಂದು ಗಂಟೆ ನಿದ್ದೆ.

ಇನ್ನೇನು ದಿಂಬಿಗೆ ತಲೆ ಕೊಡಬೇಕು, ಫೋನ್. ಯಾರೋ ಕಂಡಕ್ಟರು. ಒಬ್ಬರು ತಾತ ಕೆ.ಆರ್. ಪುರಂ ಬಂದರೂ ಇಳೀತಿಲ್ಲ, ಎಷ್ಟು ಅಲ್ಲಾಡಿಸಿದರೂ ಕಣ್ಣು ಬಿಡ್ತಿಲ್ಲ, ಜೇಬಲ್ಲಿ ನಿಮ್ಮ ನಂಬರ್ ಇತ್ತು ಅಂತಾನೆ. ಆ ಚೀಟಿ ಬರೆದಿಟ್ಟವರು ನಮ್ಮ ಯಜಮಾನರು. ತಮ್ಮ ನಂಬರ್ ಯಾಕೆ ಬರೀಲಿಲ್ಲ? ಲಿಫ್ಟ್ ರಿಪೇರಿ ಮಾಡುವಾಗ ಫೋನ್ ಎತ್ತೋಕಾಗಲ್ವಂತೆ. ಹೌದಪ್ಪ, ನಿದ್ದೆ ಮಾಡುವಾಗ ಮಾತ್ರ ಆರಾಮಾಗಿ ಎತ್ತಬಹುದು!

ಎಬ್ಬಿಸಿ ವಾಪಸ್ ಬಸ್ ಹತ್ತಿಸಿ ಅಂತ ಕಂಡಕ್ಟರಿಗೇ ಹೇಳಬಹುದಲ್ಲ ಅಂತೀರಿ. ಹೇಳಿ ನೋಡಿದ್ದೀನಿ. ಎದ್ದು, ಸಿಕ್ಕಿದ ಬಸ್ ಹತ್ತಿ, ಮತ್ತೆ ಮಲಗಿದರು. ಆವತ್ತು ಹೊಸಕೋಟೆ ನೋಡಿಕೊಂಡು ಬಂದರು. ಅಂದಿನಿಂದ ನಾನೇ ಹೋಗಿ ಕರ್ಕೊಂಡು ಬರ್ತೀನಿ.

ಆ ನಿದ್ದೆಗೆ ಇರೋ ದೌಲತ್ತೇನು! ಮನೆ ಹತ್ತಿರದ ಹಲಸೂರು ಸ್ಟಾಪಲ್ಲಿ ಬಸ್ ಹತ್ತಿದರೆ ಕಿಟಕಿ ಸೀಟು ಸಿಗಲ್ಲ ಅಂತ, ಮೊದಲು ಹಿಂದಕ್ಕೆ ಶಿವಾಜಿನಗರ ಬಸ್ ಸ್ಟ್ಯಾಂಡಿಗೆ ಹೋಗ್ತಾರೆ. ಅಲ್ಲಿ ಖಾಲಿ ಬಸ್ಸುಗಳ ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು. ಹೆಣ್ಣು ನೋಡೋಕೆ ಹೋದವರೂ ಅಷ್ಟು ನೋಡಲ್ಲ. ಹೊಸ ಎಲೆಕ್ಟ್ರಿಕ್ ಬಸ್ಸು ಇವರಿಗೆ ಆಗಿಬರಲ್ಲ. "ಅದು ತೂಗಲ್ಲಮ್ಮ" ಅಂತಾರೆ. ತೂಗೋಕೆ ಅದೇನು ತೊಟ್ಟಿಲಾ?

ಊರವರ ಬಾಯಿಗೆ ಬಿದ್ದಿದ್ದು ನಾನು. ಊಟ ಹಾಕಿದ ತಕ್ಷಣ ಸೊಸೆ ತಾತನ್ನ ಆಚೆ ಅಟ್ಟುತ್ತಾಳೆ ಅಂತ ಬೀದಿಯೆಲ್ಲ ಮಾತು. ಪಕ್ಕದ ಮನೆ ತಮಿಳು ಆಂಟಿಯಂತೂ, ಮಾವನವರು ಟವೆಲ್ ಹೆಗಲಿಗೆ ಹಾಕಿ ಹೊರಟಿದ್ದು ನೋಡಿ ನನಗೆ ಕೇಳೋ ಹಾಗೆ "ಪಾವಂ, ಪಾಪ" ಅಂತ ಲೊಚಗುಟ್ತಾರೆ. ಯಾರು ಪಾವಂ? ಅವರಾ, ನಾನಾ?

ಇಷ್ಟು ಸಾಲದು ಅಂತ ನನ್ನ ನಾದಿನಿ ಒಂದು ಭಾನುವಾರ ಮಾರತ್ತಹಳ್ಳಿಯಿಂದ ಬಂದಳು. ಅಪ್ಪಂಗೆ ನಿದ್ದೆ ಸಾಲ್ತಿಲ್ಲ, ಅದಕ್ಕೇ ಹೀಗಾಡ್ತಾರೆ ಅಂತ ತೀರ್ಪು ಕೊಟ್ಟಳು. ಮನುಷ್ಯನಿಗೆ ಎಂಟು ಗಂಟೆ ಬೇಕೇ ಬೇಕು ಅಂತ ಅವಳು, ವಯಸ್ಸಾದವರಿಗೆ ಆರು ಸಾಕು ಅಂತ ನಮ್ಮ ಯಜಮಾನರು. ಅಣ್ಣ ತಂಗಿ ಚೌಕಾಸಿ ಮಾಡ್ತಿದ್ದರೆ, ನಾನು ಒಳಗೆ ನಿಂತು ತೂಕಡಿಸುತ್ತಾ ಚಪಾತಿ ಲಟ್ಟಿಸ್ತಿದ್ದೆ. ನಿನಗೆಷ್ಟು ಸಿಗುತ್ತಮ್ಮ ಅಂತ ಕೇಳೋಕೆ ಒಬ್ಬರಿಗಾದರೂ ಬಾಯಿ ಬಂತಾ? ಕೊನೆಗೆ ನಾದಿನಿ ನಿದ್ದೆ ಅಳೆಯೋ ವಾಚೊಂದನ್ನ ಅವರ ಕೈಗೆ ಕಟ್ಟಿ ಹೋದಳು. ಮಾರನೇ ದಿನ ಮಾವನವರು ಬಸ್ಸಲ್ಲಿ ಗೊರಕೆ ಹೊಡೀತಿದ್ದರೆ, ಗುಂಡಿಗಳ ಕುಲುಕಾಟವನ್ನೆಲ್ಲ ಅದು ನಡಿಗೆ ಅಂತ ಲೆಕ್ಕ ಹಾಕಿತ್ತು. ಇವತ್ತು ಚೆನ್ನಾಗಿ ನಡೆದಿದ್ದೀರಿ, ಅಭಿನಂದನೆಗಳು ಅಂತ ಬೇರೆ ತೋರಿಸಿತು. ನಾದಿನಿಗೆ ಖುಷಿಯೋ ಖುಷಿ!

ಹೀಗೇ ನಡೀತಿರುವಾಗ ಕ್ರಿಸ್‌ಮಸ್ ಹತ್ತಿರ ಬಂತು. ಬೇಕರಿಯಲ್ಲಿ ಕೇಕಿನ ಆರ್ಡರು ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿತ್ತು. ಅಂಥಾ ದಿನವೇ ಫೋನ್ ಬರಬೇಕಾ? ಇವತ್ತು ಇದೆ ಇವರಿಗೆ ಅಂದುಕೊಂಡು ಹೊರಟೆ. ಕೆ.ಆರ್. ಪುರಂ ತಲುಪಿದಾಗ ಮಾವನವರು ಎದ್ದು, ಏನೂ ಆಗೇ ಇಲ್ಲ ಅನ್ನೋ ಹಾಗೆ ಕೂತಿದ್ದರು. ಅದೇ ಬಸ್ಸು ವಾಪಸ್ ಶಿವಾಜಿನಗರಕ್ಕೆ ಹೊರಡೋದಿತ್ತು. ಕಿಟಕಿ ಪಕ್ಕ ಕೂತ್ಕೊಮ್ಮ, ಗಾಳಿ ಬರುತ್ತೆ ಅಂತ ಜಾಗ ಬಿಟ್ಟರು. ಕೂತವಳೇ ಶುರು ಮಾಡಿದೆ. ಅವರ ನಿದ್ದೆಗೆ ಬೈದೆ, ಅವರ ಮಗನಿಗೆ ಬೈದೆ, ವಾಚಿಗೂ ಬೈದೆ. ಟಿನ್ ಫ್ಯಾಕ್ಟರಿ ಸ್ಟಾಪಿನವರೆಗೆ ಬೈದದ್ದು ನೆನಪಿದೆ.

ಕಣ್ಣು ಬಿಟ್ಟಾಗ ಬಸ್ಸು ನಿಂತಿತ್ತು. ಹೊರಗೆ ನೋಡಿದರೆ ಕೆ.ಆರ್. ಪುರಂ. ಇನ್ನೂ ಹೊರಟೇ ಇಲ್ವಾ ಅಂದುಕೊಂಡೆ. ಆದರೆ ಬಿಸಿಲು ಇಳಿದಿತ್ತು. ನನ್ನ ತಲೆಗೂ ಕಿಟಕಿಯ ಗಾಜಿಗೂ ನಡುವೆ ಮಾವನವರ ಟವೆಲ್ಲು ಮಡಿಚಿಟ್ಟಿತ್ತು. ಅವರು ನನ್ನ ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಓಡೋ ಬಸ್ಸಲ್ಲಿ ಅವರು ಕಣ್ಣು ಮುಚ್ಚದೆ ಕೂತಿದ್ದು ಅದೇ ಮೊದಲಿರಬೇಕು.

"ಶಿವಾಜಿನಗರಕ್ಕೆ ಹೋಗಿ ವಾಪಸ್ಸೂ ಬಂದ್ವಿ ಮೇಡಂ" ಅಂದ ಕಂಡಕ್ಟರು. "ಹಲಸೂರಲ್ಲಿ ಎಬ್ಬಿಸೋಕೆ ಬಂದೆ. ಬೇಡ ಅಂತ ಈ ತಾತ ನನ್ನ ಕೈ ಹಿಡ್ಕೊಂಡ್ಬಿಟ್ರು."

ಮಗಳ ನೆನಪಾಗಿ ಬ್ಯಾಗಲ್ಲಿದ್ದ ಫೋನಿಗೆ ಕೈ ಹಾಕಿದೆ. ಮಾವನವರು ನನ್ನ ಫೋನಿಂದಲೇ ಪಕ್ಕದ ಮನೆ ಆಂಟಿಗೆ ಹೇಳಿ ಆಗಿತ್ತು, ಮಗು ಅವರ ಮನೇಲಿ ಕೂತು ತಿಂಡಿ ತಿಂತಿತ್ತು. ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ.

"ಮನೇಲಿ ಮಲಗಿದ್ರೆ ನಾನು ಗೊರಕೆ ಹೊಡೀತೀನಿ. ನೀನು ದಿಂಬು ತಲೆ ಮೇಲೆ ಹಾಕ್ಕೊಂಡು ಹೊರಳಾಡೋದು ನೋಡಿದ್ದೀನಮ್ಮ. ನಾನು ಆಚೆ ಹೋದ್ರೆ ನೀನಾದ್ರೂ ಮಲಗ್ತೀಯ ಅಂತ ಬಸ್ ಹತ್ತೋಕೆ ಶುರು ಮಾಡ್ದೆ. ನೀನು ನೋಡಿದ್ರೆ ನನ್ನೇ ಹುಡುಕ್ಕೊಂಡು ಬರ್ತೀಯ."

"ಇದನ್ನ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ನೀನು ಬೈಯೋದು ನಿಲ್ಲಿಸಿದ್ದು ಇವತ್ತೇ ಅಲ್ವೇನಮ್ಮ."

ನನಗೆ ಅಳು ಬಂತು. ಆ ಮನೆಯಲ್ಲಿ ನನ್ನ ನಿದ್ದೆಯ ಲೆಕ್ಕ ಇಟ್ಟವರು ಒಬ್ಬರಿದ್ದರು, ಅವರನ್ನೇ ನಾನು ದಿನಾ ಬೈಯುತ್ತಿದ್ದೆ. ಅತ್ತರೆ ಅವರು ಗಾಬರಿಯಾಗ್ತಾರೆ ಅಂತ, ಸಿಟ್ಟಲ್ಲೇ ಎದ್ದು ನಿಂತು ಅವರನ್ನು ಕಿಟಕಿ ಪಕ್ಕಕ್ಕೆ ತಳ್ಳಿದೆ. "ಈಗ ನೀವು ಮಲಗಿ ಮಾವ. ಹಲಸೂರು ಬಂದಾಗ ಎಬ್ಬಿಸ್ತೀನಿ" ಅಂದೆ. ಟವೆಲ್ಲನ್ನು ಮಡಿಚಿ ಅವರ ತಲೆಗೂ ಗಾಜಿಗೂ ನಡುವೆ ಇಟ್ಟೆ.

ಬಸ್ಸು ಸ್ಟ್ಯಾಂಡ್ ದಾಟೋದ್ರಲ್ಲಿ ಗೊರಕೆ ಶುರುವಾಯಿತು. ಮುಂದಿನ ಸೀಟಿನವನು ತಿರುಗಿ ತಿರುಗಿ ನೋಡಿದ. ಮೂರನೇ ಸಲ ತಿರುಗಿದಾಗ ನನಗೆ ತಡೆಯಲಿಲ್ಲ.

"ಏನ್ರೀ ನೋಡ್ತೀರಾ? ನಮ್ಮ ಮಾವ ಮಲಗಿದ್ದಾರೆ" ಅಂದೆ. "ಸದ್ದು ಮಾಡದೆ ಮುಂದೆ ನೋಡ್ಕೊಂಡು ಕೂತ್ಕೊಳ್ಳಿ."