ಆರು ನಿಮಿಷ ಉಳಿಸಿದ ಪ್ರತಾಪ

"ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಯಾವುದಕ್ಕೂ ಕಾಯಬೇಕಾಗಿಲ್ಲ!" ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಸರೋಜಾ ಗ್ಯಾಸ್ ಸಿಲಿಂಡರಿಗಾಗಿ ಒಂಬತ್ತನೇ ದಿನ ಕಾಯುತ್ತಿದ್ದಳು.

ಘೋಷಣೆಗೆ ಕಾರಣ, ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಹಾಲ್‌ನಲ್ಲಿ ನಾನೇ ಬಿಡಿಭಾಗ ತರಿಸಿ, ನಾನೇ ಸ್ಕ್ರೂ ತಿರುಗಿಸಿ ಜೋಡಿಸಿದ ಹೊಸ ಕಂಪ್ಯೂಟರ್. ಜೋಡಿಸಿದ ಮೇಲೆ ನಾಲ್ಕು ಸ್ಕ್ರೂ ಉಳಿದವು. ಕಂಪನಿಯವರ ಔದಾರ್ಯ ಎಂದುಕೊಂಡೆ.

ಕಂಪ್ಯೂಟರ್ ತಂದದ್ದು ಸರೋಜಾಳಿಗಾಗಿ. ಅವಳು ಹೈಸ್ಕೂಲಿನ ಗಣಿತದ ಮೇಡಂ. ಜಿಲ್ಲೆಯ ಮೇಷ್ಟ್ರು, ಮೇಡಂಗಳಿಗೆಲ್ಲ ಪಾಠದ ವಿಡಿಯೊ ಸ್ಪರ್ಧೆ. ಶನಿವಾರ ಸಂಜೆ ಐದರೊಳಗೆ ಕಳಿಸಬೇಕು. ಹೋದ ವರ್ಷ ನಮ್ಮ ಹಳೇ ಕಂಪ್ಯೂಟರ್ ಐದು ಗಂಟೆ ಹತ್ತು ನಿಮಿಷಕ್ಕೆ ಕೆಲಸ ಮುಗಿಸಿ ಅವಳನ್ನು ಸ್ಪರ್ಧೆಯಿಂದಲೇ ಹೊರಗೆ ಹಾಕಿತ್ತು. ಅವತ್ತು ಅವಳು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತದ್ದು ನನಗೆ ಗೊತ್ತು. ಈ ಸಲ ಎರಡು ವಾರ, ಶಾಲೆಯಿಂದ ಬಂದು, 'ಕಾಲ ಮತ್ತು ಕೆಲಸ' ಎಂಬ ಪಾಠವನ್ನು ತುಣುಕು ತುಣುಕಾಗಿ ಫೋನಿನಲ್ಲಿ ಚಿತ್ರಿಸಿದ್ದಳು. ತುಣುಕುಗಳನ್ನು ಹೊಸ ಕಂಪ್ಯೂಟರಿಗೆ ಹಾಕಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲಿಟ್ಟು, ಫೋನ್ ಖಾಲಿ ಮಾಡಿದ್ದಳು.

ಎಲ್ಲ ಸೇರಿಸಿ ಒಂದೇ ವಿಡಿಯೊ ಮಾಡಲು ನಲವತ್ತು ನಿಮಿಷ ಬೇಕು ಎಂದಿತು ಹೊಸ ಯಂತ್ರ.

"ಆಗ್ಲಿ ಬಿಡ್ರಿ. ಅಷ್ಟರಾಗ ರೊಟ್ಟಿ ಬಡಿತೀನಿ."

"ನಾನು ಕಟ್ಟಿದ ಕಂಪ್ಯೂಟರಿಗೆ ನಲವತ್ತು ನಿಮಿಷವೇ! ಓವರ್‌ಕ್ಲಾಕ್ ಮಾಡ್ತೀನಿ!"

"ಹಂಗಂದ್ರೆ?"

"ಕಂಪನಿಯವರು ಓಡು ಅಂದದ್ದಕ್ಕಿಂತ ಜೋರಾಗಿ ಓಡಿಸೋದು. ಸೇಫಾಗಿ!"

"ಮೊದ್ಲು ನಿಮ್ಮ ಹೊಟ್ಟೇನ ವಾಕಿಂಗಿಗೆ ಓಡಸ್ರಿ. ಸೇಫಾಗಿ."

ನಾನು ಕಾನ್ವೆಂಟಿನಲ್ಲಿ ಕಲಿತವನು. ಇಂಟರ್ನೆಟ್ಟಿನ ಗಡ್ಡದವನೊಬ್ಬ ಇಂಗ್ಲಿಷಿನಲ್ಲಿ ಹೇಳಿದ್ದೆಲ್ಲ ನನಗೆ ಅರ್ಥವಾಯಿತು: ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಏರಿಸಿದಾಗೆಲ್ಲ ಗಂಟೆಗಟ್ಟಲೆ ಪರೀಕ್ಷಿಸಿ, ಶಾಖದ ಮೇಲೆ ಕಣ್ಣಿಡಿ. ಇಷ್ಟೇ ತಾನೆ!

ಸೋಮವಾರ ವೇಗವನ್ನು ಕೂದಲೆಳೆಯಷ್ಟು ಏರಿಸಿದೆ. ಕಂಪ್ಯೂಟರಿನ ಮೆದುಳಾದ ಪ್ರೊಸೆಸರಿನ ಶಾಖ ತೊಂಬತ್ತೆಂಟು ಡಿಗ್ರಿ! ಠಪ್ ಎಂದು ಆಫ್. ಮಂಗಳವಾರ ಅರ್ಧ ಕೂದಲೆಳೆ. ತೊಂಬತ್ತೆಂಟು. ಠಪ್! ಪ್ರೊಸೆಸರಿಗೆ ಆರು ಕೋರ್, ಅಂದರೆ ಆರು ತಲೆ; ನನ್ನ ಕೋಪಕ್ಕೆ ಹನ್ನೆರಡು. ದಾವಣಗೆರೆಯ ಬಿಸಿಲನ್ನು ಬೈದೆ. ಫ್ಯಾನನ್ನು ಬೈದೆ. ಗಡ್ಡದವನ ಗಡ್ಡವನ್ನು ಬೈದೆ. ಬಿಡಿಭಾಗ ಮಾರಿದವನಿಗೆ ಫೋನ್ ಮಾಡಿ ಬೈದರೆ ಅವನು ತಣ್ಣಗೆ, "ಹೊಸ ಬಯಾಸ್ ಹಾಕ್ರಿ ಸಾರ್" ಎಂದ. ಬಯಾಸ್ ಎಂದರೆ ಕಂಪ್ಯೂಟರ್ ಎದ್ದ ಕೂಡಲೇ ಹೇಳಿಕೊಳ್ಳುವ ಬೆಳಗಿನ ಪ್ರಾರ್ಥನೆ. ಅದನ್ನು ಖಾಲಿ ಪೆನ್‌ಡ್ರೈವಿನಿಂದ ಹಾಕಬೇಕು. ಮೇಜಿನ ಮೇಲೊಂದು ಪೆನ್‌ಡ್ರೈವ್ ಇತ್ತು. ಖಾಲಿ ಇರಲಿಲ್ಲ. ಖಾಲಿ ಮಾಡಿದೆ.

ಹೌದು, ಅದೇ ಪೆನ್‌ಡ್ರೈವ್! ನೀವು ಸುಮ್ಮನಿರಿ. ನನಗೆ ಆಗ ಗೊತ್ತಿರಲಿಲ್ಲ.

ಹೊಸ ಬಯಾಸಿಗೂ ತೊಂಬತ್ತೆಂಟೇ. ಶನಿವಾರ ಬೆಳಿಗ್ಗೆ ಸರೋಜಾ ತಾಳ್ಮೆಗೆಟ್ಟು, ಹರಿಹರದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿರುವ ತನ್ನ ತಮ್ಮ ಬಕ್ಕೇಶನಿಗೆ ಫೋನ್ ಮಾಡಿದಳು. ಪಂಪ್‌ಸೆಟ್ ಮೋಟಾರು ಬಿಚ್ಚುವವನು ನನ್ನ ಕಂಪ್ಯೂಟರ್ ಮುಟ್ಟುವುದೇ! ನನ್ನ ಶಾಖವೂ ತೊಂಬತ್ತೆಂಟಾಯಿತು.

ಬಕ್ಕೇಶ ಬಂದ. ಪ್ರೊಸೆಸರನ್ನು ತಣ್ಣಗಿಡಲು ಅದರ ತಲೆಯ ಮೇಲೆ ಕೂರಿಸಿದ ಕೂಲರನ್ನು ಬಿಚ್ಚಿ, ತಿರುವಿ ನೋಡಿದ.

"ಭಾವಾ, ಇದರ ಅಡಿಗೆ ಇದೇನ್ರಿ ಪ್ಲಾಸ್ಟಿಕ್ಕು?"

"ಹೊಸ ಸಾಮಾನಲ್ಲವೇನೋ? ಗೀರು ಬೀಳಬಾರದು ಅಂತ ಬಿಟ್ಟೀನಿ."

"ಇದರ ಮ್ಯಾಲೆ 'ರಿಮೂವ್' ಅಂತ ಬರ್ದೈತೆ!"

"ನಮ್ಮ ಫ್ರಿಜ್ಜಿನ ಮ್ಯಾಲೂ ಬರ್ದೈತೆ! ತೆಗೆದೀವಾ?"

ನಮ್ಮ ವಂಶದಲ್ಲಿ ಹೊಸ ವಸ್ತುವಿನ ಪ್ಲಾಸ್ಟಿಕ್ ತೆಗೆದ ಇತಿಹಾಸವಿಲ್ಲ. ಕಾರಿನ ಸೀಟುಗಳನ್ನು ಒಂಬತ್ತು ವರ್ಷ ಪ್ಲಾಸ್ಟಿಕ್ಕಿನಲ್ಲಿ ಕಾಪಾಡಿ, ಹೊಸದರಂತೆಯೇ ಬೇರೆಯವರಿಗೆ ಮಾರಿದವರು ನಾವು. ಟಿವಿ ಸತ್ತು ಎರಡು ವರ್ಷವಾದರೂ ರಿಮೋಟ್ ಕವರಿನಲ್ಲಿ ಮಿರಮಿರ ಮಿಂಚುತ್ತಿದೆ!

"ಅಕ್ಕಾ, ಬಾ ಇಲ್ಲಿ!" ಬಕ್ಕೇಶ ಕೂಗಿದ. "ಭಾವ ಪ್ರೊಸೆಸರಿಗೆ ರೇನ್‌ಕೋಟ್ ಹಾಕ್ಯಾರೆ!"

ಪ್ಲಾಸ್ಟಿಕ್ ಕಿತ್ತು ಕೂರಿಸಿದರೆ ಅರವತ್ತೆರಡು ಡಿಗ್ರಿ. ಅಕ್ಕ ತಮ್ಮ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ.

"ಇನ್ನ ಹಂಗೇ ಬಿಡ್ರಿ ಭಾವಾ. ಅಕ್ಕನ ಕೆಲಸ ಮೊದ್ಲು ಆಗ್ಲಿ."

ಬಿಡುವುದೇ? ಆರು ದಿನ, ದಿನಕ್ಕೆ ಐದು ಗಂಟೆ ಬೆವರು ಸುರಿಸಿದವನು! ಕೂದಲೆಳೆಯ ಮಾತೇ ಇಲ್ಲ, ಈ ಸಲ ಇಡೀ ಜಡೆ ಏರಿಸಿದೆ. ಗಂಟೆಗಟ್ಟಲೆ ಮಾಡಬೇಕಾದ ಪರೀಕ್ಷೆಯನ್ನು ನಾಲ್ಕು ನಿಮಿಷಕ್ಕೆ ಮುಗಿಸಿದೆ. ಸರೋಜಾಳ ವಿಡಿಯೊ ಶುರು ಮಾಡಿದೆ. "ನೋಡ್ರಿ ಇಬ್ರೂ! ಮೂವತ್ನಾಲ್ಕೇ ನಿಮಿಷ! ಆರು ನಿಮಿಷ ಉಳೀತು!"

ತೊಂಬತ್ತೊಂದು ಪರ್ಸೆಂಟಿಗೆ ಪರದೆ ನೀಲಿಯಾಯಿತು. ಓವರ್‌ಕ್ಲಾಕ್ ಅಲ್ಲ, ಓವರ್! ಮತ್ತೆ ಆನ್ ಮಾಡಿದರೆ ಕಂಪ್ಯೂಟರ್ ಏಳಲೇ ಇಲ್ಲ. ರಿಪೇರಿಯ ಪರದೆ ಬಂದು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿತು: ಫೈಲುಗಳನ್ನು ಇಟ್ಟುಕೊಳ್ಳಲೋ, ಎಲ್ಲವನ್ನೂ 'ರಿಮೂವ್' ಮಾಡಲೋ? ಬೆಳಿಗ್ಗೆ ತಾನೇ ಆ ಪದವನ್ನು ಲೆಕ್ಕಿಸದೆ ಮಾನ ಕಳೆದುಕೊಂಡಿದ್ದೆ. ಸಿಟ್ಟಿನಲ್ಲಿ ಕಣ್ಣಿಗೆ ಅದೊಂದೇ ಪದ ಕಂಡಿತು. ಈ ಸಲ ತಕ್ಷಣ ಅದನ್ನೇ ಒತ್ತಿ ಮರ್ಯಾದೆ ಕೊಟ್ಟೆ.

"ಪಾಠ ಹೋದ್ರೆ ಹೋಗ್ಲಿ, ಪೆನ್‌ಡ್ರೈವಿನಾಗ ಐತೆ," ಎಂದಳು ಸರೋಜಾ. "ಅದೆಲ್ಲಿ?"

"ಅದು... ಬಯಾಸ್ ಹಾಕಾಕೆ..."

"ಬಯಾಸೋ ಪಾಯಸೋ, ನನ್ನ ಪಾಠ ಎಲ್ಲೈತ್ರಿ?"

ಹೇಳಿದೆ. ಬಯಾಸ್ ಹಾಕಿದವನು ಬೈಸಿಕೊಂಡೆ. ಆದರೆ ಬೈಗುಳ ಬೇಗ ಮುಗಿಯಿತು, ಅದೇ ಭಯವಾಗಿದ್ದು.

"ಹೋದ ವರ್ಷ ಹತ್ತು ನಿಮಿಷ ತಡ ಆತು. ಈ ವರ್ಷ ಪಾಠನೇ ಇಲ್ಲ. ಎರಡು ವಾರ ರೀ! ಆರು ನಿಮಿಷ ಉಳಿಸಾಕ ನನ್ನ ಎರಡು ವಾರ ತಿಂದ್ರಿ!" ಎಂದಳು. ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯಿತ್ತು. ಗಡಿಯಾರ ನೋಡಿದಳು. ಒಂದು ಗಂಟೆ. ಚಾಕ್‌ಪೀಸ್ ಡಬ್ಬ ತಗೊಂಡಳು. "ಬಕ್ಕೇಶಿ, ಬೈಕ್ ತೆಗಿ. ನಿನ್ನ ಅಂಗಡೀಗೆ ಹೋಗನ. ಈ ಮನ್ಯಾಗ ಕರೆಂಟ್ ಇರೋ ಯಾವ ಸಾಮಾನೂ ನಾನು ಮುಟ್ಟಲ್ಲ."

"ನಾನೂ ಬರ್ತೀನಿ ಸರೋಜಾ..."

"ಬರಬ್ಯಾಡ್ರಿ! ಅಲ್ಲಿ ಸಾರಥಿ ಹಳ್ಳಿಯೋರ ಮೋಟಾರು ರಿಪೇರಿಗೆ ಬಂದಾವೆ. ಅವನ್ನೂ ಜೋರಾಗಿ ಓಡಸ್ತೀರಿ."

ಸಂಜೆ ನಾಲ್ಕೂ ಐವತ್ತಕ್ಕೆ ಬಕ್ಕೇಶನ ಮೆಸೇಜು ಬಂತು: 'ಕಳಿಸಿದ್ವಿ ಭಾವಾ.' ಇಡೀ ಪಾಠ ಫೋನಿನಲ್ಲಿ ಒಂದೇ ಟೇಕ್. ತುಣುಕು ಸೇರಿಸಲು ಕಂಪ್ಯೂಟರ್ ಬೇಕಾಗಲೇ ಇಲ್ಲ!

ತಿಂಗಳಿಗೆ ಸರಿಯಾಗಿ ಫಲಿತಾಂಶ ಬಂತು. ಸರೋಜಾ ಜಿಲ್ಲೆಗೇ ಮೊದಲು. ವಿಡಿಯೊವನ್ನು ಶಾಲೆಶಾಲೆಗಳಲ್ಲಿ ತೋರಿಸಿದರು. ಕಂಪನಿಯವರು ಹೇಳಿದಷ್ಟೇ ವೇಗದಲ್ಲಿ ಓಡುತ್ತಿದ್ದ ನನ್ನ ಕಂಪ್ಯೂಟರಿನಲ್ಲಿ ನಾನೂ ನೋಡಿದೆ. ಬಕ್ಕೇಶನ ಅಂಗಡಿಯ ಶಟರೇ ಕಪ್ಪುಹಲಗೆ. ಸರೋಜಾ ಸಿಟ್ಟಿನಲ್ಲಿ ಚಾಕ್‌ಪೀಸ್ ಮುರಿಯುವಂತೆ ಬರೆಯುತ್ತಿದ್ದಾಳೆ:

"ಮಕ್ಕಳೇ, ನಾಗಭೂಷಣ್ ಎಂಬವರು ನಲವತ್ತು ನಿಮಿಷದ ಕೆಲಸವನ್ನು ಮೂವತ್ತನಾಲ್ಕು ನಿಮಿಷದಲ್ಲಿ ಮುಗಿಸಲು ದಿನಕ್ಕೆ ಐದು ಗಂಟೆಯಂತೆ ಆರು ದಿನ ಕಳೆದರು. ಕಳೆದ ಸಮಯ ವಾಪಸ್ ಬರಲು ಅವರು ಇಂಥ ಎಷ್ಟು ಕೆಲಸ ಮಾಡಬೇಕು? ಮುನ್ನೂರು. ಅವರ ಮನೆಯಲ್ಲಿ ವರ್ಷಕ್ಕೆ ಇಂಥ ಕೆಲಸ ಒಂದೇ. ಹಾಗಾದರೆ ಎಷ್ಟು ವರ್ಷ?"

ನಾಗಭೂಷಣ್ ಯಾರು ಎಂದು ನೀವು ಕೇಳುವುದು ಬೇಡ!

ಮೊನ್ನೆ ಕಿರಾಣಿ ಅಂಗಡಿಯಲ್ಲಿ ಸರೋಜಾಳ ಎಂಟನೇ ಕ್ಲಾಸಿನ ನೂರೀನ್ ಎದುರಾದಳು. "ಸಾರ್, ಇನ್ನೂ ಎಷ್ಟು ವರ್ಷ ಐತೆ ಸಾರ್?"

"ಇನ್ನೂರಾ ತೊಂಬತ್ತೊಂಬತ್ತು ವರ್ಷ, ಹನ್ನೊಂದು ತಿಂಗಳು!" ಎಂದು ಗುಡುಗಿದೆ.

ಹುಡುಗಿ ಹೆದರಲಿಲ್ಲ. ಬೆರಳು ಎಣಿಸಿ ನೋಡಿದಳು. "ಆನ್ಸರ್ ಕರೆಕ್ಟ್ ಐತೆ ಸಾರ್. ಆದ್ರೆ ನೀವು ಸ್ಟೆಪ್ಸ್ ಬಿಟ್ರಿ. ನಮ್ ಮೇಡಂ ಅರ್ಧ ಮಾರ್ಕ್ಸೇ ಕೊಡೋದು."