ಶಂಕರಲಿಂಗಪ್ಪನವರ ಹ್ಯಾಂಡಲ್ಲು

ಶಿವಗಣಾರಾಧನೆ ಮುಗಿಯಿತು. ಹೇಗೆ ಅಳಬೇಕೆಂದು ಲೋಹಿತಾಗೆ ಹೇಳಿಕೊಡಲು ಬಂದಿದ್ದ ನೆಂಟರೆಲ್ಲ ಮಿಕ್ಕ ಬೂಂದಿ ಕಟ್ಟಿಕೊಂಡು ಮರುದಿನದ ಮೊದಲ ಬಸ್ಸಿಗೆ ಹೊರಟುಹೋದರು. ಮಧುಗಿರಿಯ ಆ ಬೀದಿ ಎಂದಿನಂತಾಯಿತು. ನಲ್ಲಿಯಲ್ಲಿ ನೀರು ಬಂತು, ನಿಂತಿತು. ತೀರಿಹೋದ ಗಂಡನ ಹೆಸರು ಚಿರಂಜೀವಿ, ವಯಸ್ಸು ಮೂವತ್ತಾರು. ಹೆಸರಿಟ್ಟವರನ್ನು ಯಾರೂ ಏನೂ ಕೇಳಲಿಲ್ಲ.

ಎದುರು ಮನೆಯ ಶಂಕರಲಿಂಗಪ್ಪನವರು ಇಷ್ಟು ದಿನ ತಡೆದುಕೊಂಡಿದ್ದೇ ದೊಡ್ಡದು. ಅವಳು ಬಾಗಿಲಿಗೆ ನೀರು ಹಾಕುವುದನ್ನೇ ಕಾದಿದ್ದವರಂತೆ ಗೇಟಿನ ಹತ್ತಿರ ಬಂದು ಕೆಮ್ಮಿದರು.

“ಕೇಳಬಾರದು ಕಣಮ್ಮ, ಆದ್ರೂ ಕೇಳ್ತೀನಿ. ನಮ್ಮ ಕಾರಿನ ಹ್ಯಾಂಡಲ್ಲು?”

ಚಿರಂಜೀವಿಗೆ ಇದ್ದದ್ದು ಒಂದೇ ಚಟ. ರಸ್ತೆಯ ಕಾರುಗಳನ್ನು ಅಳೆದು ಅವುಗಳ ಗೇಣುದ್ದದ ಮರಿಗಳನ್ನು ಮಾಡುವುದು. ಅಂಗಡಿಯಲ್ಲಿ ಸಿಗುವ ಬಿಡಿಭಾಗ ಹಾಕಿದರೆ ಅವನಿಗೆ ಅವಮಾನ, ಎಲ್ಲವೂ ಅವನ ಕೈಯಲ್ಲೇ ಹುಟ್ಟಬೇಕು. ಮಾತ್ರೆ ಪಟ್ಟಿಯ ಖಾಲಿ ಗುಳ್ಳೆ ಹೆಡ್‌ಲೈಟಾಗುತ್ತಿತ್ತು. ಉಜ್ಜಿ ಸಣ್ಣಗೆ ಮಾಡಿದ ಸೇಫ್ಟಿಪಿನ್ ವೈಪರ್ ಆಗುತ್ತಿತ್ತು. ಲೋಹಿತಾಳ ಟೀ ಸೋಸುವ ಜಾಲರಿಯಂತೂ ಮೂರು ಕಾರುಗಳ ಮೂತಿಯಲ್ಲಿ ಹಂಚಿಹೋಗಿತ್ತು. ಹೀಗೆಯೇ ಯುಗಾದಿಯ ಹೊತ್ತಿಗೆ, ಶಂಕರಲಿಂಗಪ್ಪನವರ ಬಿಳಿ ಅಂಬಾಸಿಡರಿನ ಡ್ರೈವರ್ ಬಾಗಿಲಿನ ಹ್ಯಾಂಡಲ್ಲನ್ನು ಅಳತೆಗೆಂದು ಬಿಚ್ಚಿ ತಂದಿದ್ದ. ನಾಲ್ಕು ದಿನಕ್ಕೆ ಅಂದಿದ್ದನಂತೆ. ಅಂದಿನಿಂದ ಕಾರಿನ ಯಜಮಾನರು ಎಡಬಾಗಿಲಲ್ಲಿ ಹತ್ತಿ, ತಟ್ಟೆಯೊಳಗಿನ ಮುದ್ದೆಯಂತೆ ಸೀಟಿನುದ್ದಕ್ಕೂ ಜಾರಿ ಸ್ಟೇರಿಂಗು ಸೇರುತ್ತಿದ್ದರು. ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಕಳೆಯಿತು, ಜಾರುವುದು ನಿಲ್ಲಲಿಲ್ಲ.

ಇವತ್ತು ಮಾತ್ರ ತಡೆಯುವಂತಿರಲಿಲ್ಲ. ಸಂಜೆ ಮೊಮ್ಮಗಳು ದಿವ್ಯಾಳ ಮದುವೆಗೆ ಮುಂಚಿನ ಫೋಟೋಶೂಟು. ಬೆಟ್ಟ ಹಿಂದೆ ಕಾಣುವಂತೆ ಕಾರು ನಿಲ್ಲಿಸಿ, ಮದುಮಗ ನವೀನ್ ಕುಮಾರ್ ಬಾಗಿಲನ್ನು ಸ್ಟೈಲಾಗಿ ಎಳೆಯಬೇಕಂತೆ. ಮದುಮಗನೂ ಜಾರಿಕೊಂಡು ಬಂದರೆ ಬೀಗರ ಮುಂದೆ ಮರ್ಯಾದೆ ಏನು ಉಳಿಯುತ್ತದೆ?

“ನಡುವೆ ಒಂದು ಗೀರಿದೆ,” ಎಂದರು ಅವರು. “ಆಯುಧಪೂಜೇಲಿ ಕಾಯಿ ಒಡೆಯೋಕೆ ಹೋಗಿ ನಾನೇ ಮಾಡಿದ್ದು. ಕಣ್ಣು ಮುಚ್ಕೊಂಡು ಮುಟ್ಟಿದ್ರೂ ಗುರುತು ಹಿಡೀತೀನಿ.”

ಹುಡುಕಲೆಂದು ಚಿರಂಜೀವಿಯ ಕೋಣೆಯ ಬಾಗಿಲು ತೆಗೆದದ್ದೇ ಅವಳ ತಪ್ಪು. ದೊಡ್ಡೇರಿ ಕಡೆಯಿಂದ ಹಾಲು ತರುವ ಭೀಮಕ್ಕ, ದುಃಖದ ಮನೆಗೆ ಸಹಾಯ ಮಾಡೋಣವೆಂದು ಒಳಗೆ ಬಂದಳು. ಬಂದವಳು ಕಪಾಟಿನಲ್ಲಿದ್ದ ಜೀಪನ್ನು ಕಣ್ಣ ಹತ್ತಿರ ಹಿಡಿದಳು.

“ಇದು ನನ್ ಓಲೆ ತಿರುಪು ಕಣವ್ವ. ಇದುಕ್ಕೋಸ್ಕರ ನಮ್ ಸೊಸೇನ ಎಷ್ಟು ಬೈದ್ಬುಟ್ಟಿದ್ದೆ.”

ಸ್ಟೆಪ್ನಿ ಚಕ್ರದ ನಡುವಿನಿಂದ ತಿರುಪನ್ನು ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡಳು. ಸೊಸೆಗೆ ಹೇಳುತ್ತೇನೆ ಅಂತ ಮಾತ್ರ ಅನ್ನಲಿಲ್ಲ.

ಸುದ್ದಿ ಹಾಲಿನ ಕ್ಯಾನಿನ ಜೊತೆಯಲ್ಲೇ ಮನೆಮನೆ ಮುಟ್ಟಿತು. ಐದು ವರ್ಷಗಳಲ್ಲಿ ಏನೇನು ಕಳೆದುಕೊಂಡಿದ್ದರೋ ಅವರೆಲ್ಲ ಬಂದರು, ಏನೂ ಕಳೆದುಕೊಳ್ಳದವರೂ ಬಂದರು. ಒಬ್ಬರು ಕನ್ನಡಕದ ಕಡ್ಡಿ ಬಿಡಿಸಿಕೊಂಡರು, ಇನ್ನೊಬ್ಬರು ಗಡಿಯಾರದ ಹಲ್ಲುಚಕ್ರ. ಪ್ರತಿಯೊಬ್ಬರೂ ಮೊದಲು ಚಿರಂಜೀವಿ ಎಂಥ ಒಳ್ಳೆಯವನೆಂದು ಹೇಳಿ, ಆಮೇಲೆ ಕೀಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಪಾಟು ಶಿರಾ ರಸ್ತೆಯ ಗುಜರಿ ಅಂಗಡಿಯಂತಾಗಿತ್ತು.

ಪಕ್ಕದ ಮನೆಯ ಸಿದ್ದಗಂಗಮ್ಮ ಕೊನೆಗೆ ಬಂದರು. ಸತ್ತವರ ಬಗ್ಗೆ ಆಡಬಾರದು ಎಂದು ಶುರುಮಾಡಿ ಸಾಕಷ್ಟು ಆಡಿದರು. ದೀಪಾವಳಿಯಲ್ಲಿ ಚಿರಂಜೀವಿ ಈಸಿಕೊಂಡು ಹೋದ ಸ್ಟೀಲ್ ಸೌಟು ವಾಪಸ್ ಬರಲಿಲ್ಲ, ಹಿಡಿಯ ಮೇಲೆ ಅವರ ಹೆಸರು ಕೆತ್ತಿಸಿದ್ದ ಸೌಟು ಅದು. ಅಂಕಿಅಂಶ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ಲೋಹಿತಾ, ಸೌಟು ಸಿಗುವ ಸಂಭವ ಲೆಕ್ಕ ಹಾಕಿ, ಅಡುಗೆಮನೆಗೆ ಹೋಗಿ ತನ್ನ ಸೌಟನ್ನೇ ತಂದುಕೊಟ್ಟಳು. ಅದು ಸ್ವಲ್ಪ ಚಿಕ್ಕದಾಯಿತೆಂದು ಸಿದ್ದಗಂಗಮ್ಮ ನೊಂದುಕೊಂಡರು.

ಒಂದು ಕಾರನ್ನು ಮಾತ್ರ ಅವಳು ಯಾರಿಗೂ ತೋರಿಸಲಿಲ್ಲ. ಬೆಳಿಗ್ಗೆಯೇ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದಳು. ಬಿಳಿ ಅಂಬಾಸಿಡರು, ಅವನ ಕೈಯ ಕೊನೆಯ ಕೆಲಸ. ಮಿಕ್ಕವು ಹೋದರೆ ಹೋಗಲಿ, ಇದೊಂದು ಉಳಿದರೆ ಸಾಕು ಅಂದುಕೊಂಡಿದ್ದಳು.

ನಾಲ್ಕು ಗಂಟೆಗೆ, ಮೇಜಿನ ಕೆಳಖಾನೆಯಲ್ಲಿ, ಹಳೆಯ ಬನಿಯನ್ನಿನಲ್ಲಿ ಸುತ್ತಿದ್ದ ಹ್ಯಾಂಡಲ್ಲು ಸಿಕ್ಕಿತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪಾಪ, ಪಾಲಿಶ್ ಮಾಡಿ ಕೊಡೋಣವೆಂದಿದ್ದ ಎಂದುಕೊಂಡು ಎದುರು ಮನೆಗೆ ಓಡಿದಳು. ಅಲ್ಲಿ ಕಾರಿಗೆ ಹೂವಿನ ಹಾರ ಹಾಕಿ, ಮದುಮಗನಿಗೆ ಕಪ್ಪು ಕನ್ನಡಕ ಹಾಕಿ ಆಗಿತ್ತು. ಶಂಕರಲಿಂಗಪ್ಪನವರು ಸಂತೋಷದಲ್ಲಿ ಗೀರು ಹುಡುಕುವುದನ್ನು ಮರೆತು, ತಾವೇ ಸ್ಕ್ರೂ ತಿರುಗಿಸಿದರು.

ನವೀನ್ ಕುಮಾರ್ ಕ್ಯಾಮೆರಾ ಕಡೆ ನೋಡುತ್ತಾ ಸ್ಟೈಲಾಗಿ ಎಳೆದ. ಹ್ಯಾಂಡಲ್ಲು ಮೆತ್ತಗೆ ಬಾಗಿ ಅವನ ಕೈಗೇ ಬಂತು. ಬಾಗಿಲು ಅಲ್ಲಾಡಲಿಲ್ಲ.

ದಿವ್ಯಾ ಅದನ್ನು ತಿರುಗಿಸಿ ನೋಡಿದಳು. ಒಳಮೈಯಲ್ಲಿ ಚುಕ್ಕೆಚುಕ್ಕೆ ಅಕ್ಷರಗಳಿದ್ದವು. ಅರ್ಧ ಉಜ್ಜಿಹೋಗಿ ಮಿಕ್ಕದ್ದು ‘ಸಿದ್ದಗಂ’ ಅಂತ.

“ಅಲ್ನೋಡಿ, ನನ್ನ ಸೌಟು,” ಎಂದರು ಸಿದ್ದಗಂಗಮ್ಮ, ಕಾಂಪೌಂಡಿನ ಆಚೆಯಿಂದ. ಗಂಡನ ಕೈಕೆಲಸ ಎಷ್ಟು ಅಚ್ಚುಕಟ್ಟು ಎಂಬುದು ಲೋಹಿತಾಗೆ ಅವತ್ತು ಪೂರ್ತಿ ಅರ್ಥವಾಯಿತು. ಸಿದ್ದಗಂಗಮ್ಮ ಸೊಟ್ಟ ಹಿಡಿಯನ್ನೂ ಈಸಿಕೊಂಡರು. ಮಧ್ಯಾಹ್ನ ಕೊಟ್ಟ ಸೌಟಿನ ಮಾತೆತ್ತಲಿಲ್ಲ.

“ಹಂಗಾದ್ರೆ ನಂದು ಎಲ್ಲಮ್ಮ?” ಎಂದರು ಶಂಕರಲಿಂಗಪ್ಪನವರು.

ಲೋಹಿತಾ ಮನೆಗೆ ಬಂದಳು. ಅಕ್ಕಿಯೊಳಗಿಂದ ಬಿಳಿ ಕಾರನ್ನು ತೆಗೆದು ಬೆಳಕಿಗೆ ಹಿಡಿದಳು. ಮುಂದಿನ ಬಂಪರು ಹಳೆಯ ಕ್ರೋಮಿನದು, ಹಿಂದಿನದೂ ಅದೇ. ಮುಂದಿನದರ ತುದಿಯಲ್ಲಿ ಅರ್ಧ ಗೀರು, ಹಿಂದಿನದರ ತುದಿಯಲ್ಲಿ ಉಳಿದರ್ಧ. ಅಳತೆಗೆ ತಂದ ಹ್ಯಾಂಡಲ್ಲಿನ ಹೊಳಪಿಗೆ ಮನಸೋತು ಎರಡು ತುಂಡು ಮಾಡಿದ್ದ. ಆಮೇಲೆ ಹೆದರಿ ಪಕ್ಕದ ಮನೆಯ ಸೌಟಿನಲ್ಲಿ ಇನ್ನೊಂದು ಮಾಡಿದ್ದ. ಅದನ್ನು ಕೊಡಲು ಧೈರ್ಯ ಸಾಲದೆ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದ. ಕೊಡುವ ಕೆಲಸವನ್ನು ಹೆಂಡತಿಗೆ ಬಿಟ್ಟುಹೋಗುವುದು ಅವನ ಹಳೆಯ ಅಭ್ಯಾಸ.

ಬಂಪರುಗಳನ್ನಷ್ಟೇ ಕಿತ್ತು ಕೊಡಬಹುದಿತ್ತು. ಆದರೆ ಇಡೀ ದಿನ ಕೀಳುವುದನ್ನು ನೋಡಿದ್ದಳು.

ಸೆರಗಿನಲ್ಲಿ ಅಕ್ಕಿಯ ನುಚ್ಚು ಒರೆಸಿ, ಕಾರನ್ನು ಎತ್ತಿಕೊಂಡು ಮತ್ತೆ ಬೀದಿ ದಾಟಿದಳು. ಶಂಕರಲಿಂಗಪ್ಪನವರು ಕಣ್ಣು ಮುಚ್ಚಿ ಎರಡೂ ಬಂಪರು ಸವರಿದರು. ಗುರುತು ಹಿಡಿದರು. ಬಯ್ಯಲು ಬಾಯಿ ತೆರೆದವರು ಉಗುರಿನಿಂದ ಪುಟ್ಟ ಡ್ರೈವರ್ ಬಾಗಿಲನ್ನು ಮೀಟಿದರು. ಅದು ಸದ್ದಿಲ್ಲದೆ ತೆರೆದುಕೊಂಡಿತು.

“ಇದರ ಬಾಗಿಲು ತೆಗೆಯುತ್ತಲ್ಲಮ್ಮ,” ಎಂದರು.

“ತೆಗೆಯುತ್ತೆ ಮಾವ,” ಎಂದಳು ಲೋಹಿತಾ. “ಇಟ್ಕೊಳಿ. ನಿಮ್ಮದೇ.”