ಮೂರನೇ ಭಾಗದಲ್ಲಿ ಕಾಣೆಯಾದವಳು

ನಮ್ಮ ಚಿಕ್ಕಪ್ಪ ಜೀವಮಾನದಲ್ಲಿ ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಹತ್ತಿದ್ದು ಒಂದೇ ಸಲ. ಅದೂ ಕಾಣೆಯಾದ ಒಬ್ಬ ಹೆಂಗಸನ್ನು ಹುಡುಕಿಕೊಡಿ ಎಂದು ಕೇಳಲಿಕ್ಕೆ. ಪಾಪ, ಒಳ್ಳೆಯ ಮನುಷ್ಯ ಎನ್ನುತ್ತೀರಿ ತಾನೇ? ಇರಿ, ಅವಸರ ಮಾಡಬೇಡಿ. ಆ ಹೆಂಗಸು ನಮ್ಮೂರಿನವಳಲ್ಲ, ನಮ್ಮ ನೆಂಟರವಳಲ್ಲ, ಹೋಗಲಿ ಎಂದರೆ ಈ ಭೂಮಿಯ ಮೇಲೆ ಹುಟ್ಟಿದವಳೇ ಅಲ್ಲ! ಅವಳು ಒಂದು ಸಿನಿಮಾದ ನಾಯಕಿ.

ಚಿಕ್ಕಪ್ಪ ನನ್ನ ಅಪ್ಪನ ಕೊನೆಯ ತಮ್ಮ. ಯಳಂದೂರಿಗೆ ಹತ್ತಿರದ ನಮ್ಮೂರಲ್ಲಿ ಕಬ್ಬು ಬೆಳೆಯುತ್ತಾನೆ. ತನ್ನದೇ ಟ್ರ್ಯಾಕ್ಟರಿನಲ್ಲಿ ಊರವರ ಕಬ್ಬನ್ನೂ ಕುಂತೂರಿನ ಫ್ಯಾಕ್ಟರಿಗೆ ಹೊಡೆಯುತ್ತಾನೆ. ಕೆಲಸದಲ್ಲಿ ಬಹಳ ನಿಯತ್ತು, ಮಾತಿನಲ್ಲಿ ಇನ್ನೂ ನಿಯತ್ತು. ಹುಚ್ಚು ಎಂದರೆ ಒಂದೇ, ನಾಲ್ಕು ಭಾಗಗಳ ಆ ಸಿನಿಮಾ. ಅದರ ಹೆಸರು ಮಾತ್ರ ಕೇಳಬೇಡಿ. ಈಗ ಆ ಹೆಸರು ಎತ್ತಿದರೆ ಅವನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಾನೆ.

ಕತೆ ಇಷ್ಟು. ಒಬ್ಬ ಪಾಳೇಗಾರನ ಮಗ, ಅವನು ಕಳೆದುಕೊಂಡ ಕೋಟೆ, ಅವನ ಕುದುರೆ, ಹೊಳೆ ದಾಟಿಸುವ ಅಂಬಿಗರ ಮನೆಯ ಒಬ್ಬ ಹುಡುಗಿ. ಮೊದಲ ಭಾಗ ಬಂದದ್ದು ಚಿಕ್ಕಪ್ಪನ ಮದುವೆಯಾದ ವರ್ಷ. ಚಿಕ್ಕಮ್ಮ ಹನೂರಿನ ಕಡೆಯವಳು. ಮದುವೆಯಾಗಿ ಎಂಟು ದಿನಕ್ಕೆ ಬೈಕಿನ ಹಿಂದೆ ಕೂರಿಸಿಕೊಂಡು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದ. ಹೋದವನಿಗೆ ಅಲ್ಲಿ ಗೊತ್ತಾಯಿತು, ಹೆಂಡತಿಗೆ ಹೊಡೆದಾಟ ನೋಡಿದರೆ ಆಗುವುದಿಲ್ಲ ಎಂದು. ಕತ್ತಿ ಹೊರಗೆ ಬಂದರೆ ಸಾಕು, ಅವಳ ಸೆರಗು ಮುಖದ ಮೇಲೆ! ಆ ಸಿನಿಮಾದಲ್ಲೋ, ಕತ್ತಿ ಒಳಗೆ ಇರುತ್ತಿದ್ದದ್ದು ಹಾಡಿನಲ್ಲಿ ಮಾತ್ರ. ಕೊಟ್ಟ ದುಡ್ಡು ದಂಡವಾಗಬಾರದಲ್ಲ ಎಂದು ಚಿಕ್ಕಪ್ಪ ಅವಳ ಕಿವಿಯಲ್ಲಿ ಹೇಳತೊಡಗಿದ.

"ಈಗ ಕತ್ತಿ ಎತ್ತುದ ಕಣಮ್ಮಿ... ಬೀಸ್ಬುಟ್ಟ... ಇವ್ನು ತಪ್ಪುಸ್ಕಂಡ... ಇಕ್ಕುದ ನೋಡು ಈಗ! ಸತ್ತ. ಸೆರಗ್ ತಗಿ."

ಟ್ರ್ಯಾಕ್ಟರ್ ಓಡಿಸುವವನ ಪಿಸುಮಾತು, ಕೇಳಬೇಕೇ? ಇಡೀ ಟಾಕೀಸಿಗೆ ಕೇಳಿಸುತ್ತಿತ್ತು. ಹಿಂದಿನ ಸಾಲಿನಿಂದ ಒಬ್ಬ ಕೂಗಿದನಂತೆ, "ಅಣ್ಣೋ, ನಮ್ಗೂ ಕಣ್ಣವೆ, ವಸಿ ನಾವೂ ನೋಡ್ತೀವಿ!"

"ನಿಂಗ್ಯಾರ್ ಯೋಳ್ತಾವ್ರೆ? ಕಿವಿ ಮುಚ್ಕಂಡು ನೋಡು" ಎಂದ ಚಿಕ್ಕಪ್ಪ.

ಮನೆಗೆ ಬಂದ ಮೇಲೆ ಶುರುವಾಯಿತು ಕುದುರೆಯ ಜಗಳ. ಚಿಕ್ಕಮ್ಮ ನನ್ನ ಅವ್ವನ ಮುಂದೆ ಕತೆ ಹೇಳುತ್ತಾ, "ಬಿಳೀ ಕುದ್ರೆ ಕಣಕ್ಕ, ಏನ್ ಸಂದಾಗಿತ್ತು!" ಎಂದಳು.

ಚಿಕ್ಕಪ್ಪ ಹಟ್ಟಿ ಬಾಗಿಲಿಂದಲೇ ಗದರಿದ. "ಬಿಳೀದೆಲ್ಲಮ್ಮಿ? ಕೆಂದ ಕುದ್ರೆ ಅದು!"

"ನಾ ಕಂಡಿದ್ದು ಬಿಳೀದೇ."

"ಸೆರಗ್ ಮುಚ್ಕಂಡಿದ್ಯಲ್ಲ, ಅದ್ಯಾವ್ ಕಣ್ಣಲ್ ಕಂಡೆ?"

"ಮುಚ್ಕಂಡಿದ್ದಾಗ್ಲೇ ಕಂಡಿದ್ದು!"

ಈ ಜಗಳ ಒಂದು ದಿನದ್ದಲ್ಲ, ಅವರ ಸಂಸಾರದ ಉದ್ದಕ್ಕೂ ನಡೆಯಿತು. ಬೇರೆ ಗಂಡಹೆಂಡಿರು ಉಪ್ಪಿಗೆ, ಹುಳಿಗೆ ಜಗಳವಾಡಿದರೆ ಇವರು ಕುದುರೆಯ ಬಣ್ಣಕ್ಕೆ. ಚಿಕ್ಕಪ್ಪ ಸೋಲುವವನಲ್ಲ. ಆ ಸಿನಿಮಾದ ವಿಷಯದಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾದರೂ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಫ್ಯಾಕ್ಟರಿ ಮುಂದೆ ಕಬ್ಬಿನ ಗಾಡಿಗಳ ಸಾಲಿನಲ್ಲಿ ಕಾಯುವಾಗ ಮಿಕ್ಕ ಡ್ರೈವರುಗಳಿಗೆಲ್ಲ ಇವನದೇ ಕತೆ. ಒಮ್ಮೆ ಎರಡನೇ ಭಾಗದ ಕೋಟೆ ಮುತ್ತಿಗೆ ಹೇಳುತ್ತಿದ್ದಾಗ ಇವನ ಸರದಿ ಬಂತು. ನಡುವೆ ನಿಲ್ಲಿಸಿದರೆ ಕತೆ ಕೆಡುತ್ತದೆಂದು ಹಿಂದಿನ ಗಾಡಿಗಳನ್ನು ಮುಂದೆ ಬಿಟ್ಟ. ಬಿಸಿಲಲ್ಲಿ ನಿಂತ ಕಬ್ಬು ಒಣಗಿ ತೂಕ ಇಳಿಯಿತು. "ಕ್ವಾಟೆ ಗೆದ್ರಂತೆ, ನಮ್ ಕಬ್ಬು ಸೋತೋಯ್ತು" ಎಂದು ಚಿಕ್ಕಮ್ಮ ನಕ್ಕದ್ದೇ ನಕ್ಕದ್ದು.

ಮೂರನೇ ಭಾಗದಲ್ಲಿ ಇಂಟರ್ವಲ್ ಆದ ಮೇಲೆ ಹೊಳೆಗೆ ಪ್ರವಾಹ ಬರುತ್ತದೆ. ಶತ್ರುಗಳಿಂದ ತಪ್ಪಿಸಿ ನಾಯಕನನ್ನು ದಡ ಸೇರಿಸಿದ ಹುಡುಗಿ, ಉಳಿದವರನ್ನು ತರಲು ದೋಣಿ ತಿರುಗಿಸುತ್ತಾಳೆ. ನೀರು ದೋಣಿಯನ್ನು ಎತ್ತಿಕೊಂಡು ಹೋಗುತ್ತದೆ. ಹೆಣ ಸಿಗುವುದಿಲ್ಲ. ನಾಯಕ ದಡದಲ್ಲಿ ನಿಂತು, "ನೀನು ಬರುವವರೆಗೂ ಕಾಯುತ್ತೇನೆ" ಎನ್ನುತ್ತಾನೆ. ಅಷ್ಟೇ. ಮುಂದಿನದು ನಾಲ್ಕನೇ ಭಾಗದಲ್ಲಿ. ಆ ಒಂದು ದೃಶ್ಯವನ್ನು ಚಿಕ್ಕಮ್ಮ ಸೆರಗು ತೆಗೆದು, ಪೂರ್ತಿ ಕಣ್ಣು ಬಿಟ್ಟು ನೋಡಿದಳಂತೆ.

ವಾಪಸ್ಸು ಬರುವಾಗ ಬೈಕು ಮಾಂಬಳ್ಳಿ ಊರು ದಾಟಿತ್ತು. ಅವಳು ಹಿಂದಿನಿಂದ ಕೇಳಿದಳು, "ಕಾಯ್ತೀನಿ ಅಂದವ್ನಲ್ಲ, ಕಾಯ್ತನಾ?"

"ಕಾಯ್ದೇ ಇರ್ತನಾ? ಅವ್ನ್ ಯಾರು ಅಂದ್ಕಂಡೆ?"

"ನೋಡಾನ. ಗಂಡಸ್ರ್ ಮಾತು."

ನಾಲ್ಕನೇ ಭಾಗ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ವರ್ಷಗಳೇ ಹೋದವು. ಅಷ್ಟರಲ್ಲಿ ಚಿಕ್ಕಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆ. ಮೈಸೂರಿಗೆ ತೋರಿಸಿದ್ದಾಯಿತು, ಆಪರೇಷನ್ ಆಯಿತು, ಕೂದಲೆಲ್ಲ ಉದುರಿತು. ಹನೂರಿನ ಶಾಲೆಯಲ್ಲಿ ಮೇಷ್ಟ್ರಾಗಿರುವ ನಾನು ಭಾನುವಾರಗಳಲ್ಲಿ ನೋಡಲು ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ಅವಳು ನನ್ನ ಎದುರಿಗೇ ಚಿಕ್ಕಪ್ಪನಿಗೆ ಹೇಳಿದಳು, "ನಾಕನೇದ್ ಬಂದ್ರೆ ನೋಡ್ಕಬಂದು ನಂಗ್ ಯೋಳ್ಬುಡಿ. ಅವ್ಳು ಸಿಕ್ಕುದ್ಲಾ ಇಲ್ವಾ, ಆಟೇ ಸಾಕು."

"ನೀನೇ ಬಂದು ನೋಡು, ಒಟ್ಗೇ ಓಗಾನ" ಎಂದ ಚಿಕ್ಕಪ್ಪ.

"ಯೋಳ್ತೀನಿ ಅನ್ನಿ."

"ಯೋಳ್ತೀನಿ."

ಚಿಕ್ಕಮ್ಮ ಹೋಗಿಬಿಟ್ಟಳು. ಮಕ್ಕಳಿರಲಿಲ್ಲ. ವರ್ಷ ತುಂಬುವ ಮುಂಚೆಯೇ ನಮ್ಮ ಅತ್ತೆ, ಅಂದರೆ ಚಿಕ್ಕಪ್ಪನ ಅಕ್ಕ, ಹೆಣ್ಣು ತೋರಿಸಲು ಶುರು ಮಾಡಿದಳು. ಚಿಕ್ಕಪ್ಪನದು ಒಂದೇ ಉತ್ತರ: "ನಾಕನೇ ಪಾರ್ಟ್ ಬರ್ಲಿ ತಡಿಯಕ್ಕ."

"ನಿನ್ ಮದ್ವೆಗೂ ಆ ದರಿದ್ರ ಸಿನ್ಮಾಕೂ ಏನ್ಲಾ ಸಂಬಂಧ?"

"ಅದೆ, ತಡಿ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಕೊನೆಗೂ ನಾಲ್ಕನೇ ಭಾಗ ಬಂತು. ಚಿಕ್ಕಪ್ಪ ನನಗೆ ಫೋನ್ ಮಾಡಿ, "ಮೂರ್ ಟಿಕೆಟ್ ತಕಂಡಿವ್ನಿ, ಬೆಳಗ್ಗೆ ಆಟಕ್ಕೆ ಬಂದ್ಬುಡ್ಲಾ" ಎಂದ. ಮೂರನೆಯದು ಯಾರಿಗೆ ಎಂದು ಕೇಳುವ ಮುಂಚೆಯೇ ಫೋನ್ ಇಟ್ಟ. ಟಾಕೀಸಿನ ಬಾಗಿಲಲ್ಲಿ ಎರಡು ಟಿಕೆಟ್ ಗೇಟಿನವನ ಮುಂದೆ ಹಿಡಿದು, ಮೂರನೆಯದನ್ನು ಜೇಬಿಗೆ ಹಾಕಿಕೊಂಡು, "ಇದ್ನ ಹರೀಬ್ಯಾಡ ಕಣಪ್ಪ" ಎಂದ. ಒಳಗೆ ಹೋಗಿ ಅವನ ಎಡಗಡೆಯ ಸೀಟಿನ ಮೇಲೆ ಟವೆಲ್ ಹಾಸಿದ. ಹತ್ತಿರ ಬಂದವರಿಗೆಲ್ಲ, "ಆಳ್ ಅವ್ರೆ, ಆಳ್ ಅವ್ರೆ" ಎಂದು ಕೈಯಾಡಿಸಿದ. ಟವೆಲ್ಲಿನ ಮೇಲೆ ಕಡ್ಲೆಪುರಿ ಪೊಟ್ಟಣ.

ಸಿನಿಮಾ ಶುರುವಾಯಿತು. ಕತ್ತಿ ಹೊರಗೆ ಬಂತು. ನನ್ನ ಪಕ್ಕದಲ್ಲಿ ಹಳೆಯ ಪಿಸುಮಾತೂ ಶುರುವಾಯಿತು! "ಎತ್ತುದ ಕಣಮ್ಮಿ... ಬುಟ್ಟ... ತಪ್ಪುಸ್ಕಂಡ..." ಹಿಂದಿನವನೊಬ್ಬ ರೇಗಿಸಲು ಬಾಯಿ ತೆರೆದು ಮುಂದಕ್ಕೆ ಬಗ್ಗಿದ. ಟವೆಲ್ ನೋಡಿದ, ನನ್ನ ಮುಖ ನೋಡಿದ, ಸುಮ್ಮನೆ ಹಿಂದಕ್ಕೆ ಒರಗಿಕೊಂಡ.

ಇಂಟರ್ವಲ್ ಆದ ಮೇಲೆ ಹಿಮದ ಬೆಟ್ಟಗಳು ಬಂದವು. ಪಾಳೇಗಾರನ ಮಗ ಹಿಮದ ಮೇಲೆ ಯಾಕೆ ಹೋದ? ನನ್ನನ್ನು ಕೇಳಬೇಡಿ. ಅಲ್ಲಿ ಒಬ್ಬಳು ಹೊಸ ರಾಜಕುಮಾರಿ, ಒಂದು ಹಾಡು, ಹಾಡು ಮುಗಿಯುವಷ್ಟರಲ್ಲಿ ಮದುವೆ! ಅಂಬಿಗರ ಹುಡುಗಿಯ ಸುದ್ದಿ ಒಬ್ಬರೂ ಎತ್ತಲಿಲ್ಲ. ಸತ್ತಳು ಎಂದು ಸಹ ಹೇಳಲಿಲ್ಲ. ಮರೆತೇಬಿಟ್ಟಿದ್ದರು. ಆ ಹಾಡು ಶುರುವಾದಾಗಲೇ ಚಿಕ್ಕಪ್ಪನ ಪಿಸುಮಾತು ನಿಂತುಹೋಗಿತ್ತು.

ಸಿನಿಮಾ ಮುಗಿಯಿತು, ದೀಪ ಹತ್ತಿತು, ಪರದೆಯ ಮೇಲೆ ಹೆಸರುಗಳು ಹೋಗಿ ಮುಗಿದವು, ಜನ ಹೋದರು. ಚಿಕ್ಕಪ್ಪ ಏಳಲಿಲ್ಲ. ಕಸ ಗುಡಿಸುವ ಹೆಂಗಸು ಬಂದು, "ಏಳಣ್ಣ, ಮುಗೀತು" ಎಂದಳು.

"ಎಲ್ ಮುಗೀತವ್ವ? ಅವ್ಳು ಇನ್ನೂ ಬಂದೇ ಇಲ್ವಲ್ಲ!"

ಅಲ್ಲಿಂದ ನೆಟ್ಟಗೆ ಆಪರೇಟರ್ ಹತ್ತಿರ ಹೋದ. ನಮ್ಮ ಕಡೆಯ ಹಳಬರಿಗೆಲ್ಲ ಒಂದು ಅನುಮಾನ ಇದ್ದೇ ಇದೆ, ಆಟ ಬೇಗ ಮುಗಿಸಲಿಕ್ಕೆ ಟಾಕೀಸಿನವರು ಒಂದು ರೀಲು ನುಂಗುತ್ತಾರೆ ಎಂದು. ರೀಲಿನ ಕಾಲ ಹೋಗಿ ಎಷ್ಟೋ ವರ್ಷವಾಯಿತು, ಅನುಮಾನ ಹೋಗಿಲ್ಲ. "ಅವ್ಳು ಸಿಕ್ಕಾ ರೀಲ್ನ ಎಲ್ಲಿಟ್ಟಿದೀಯ? ಆಕು" ಎಂದು ಪಟ್ಟು ಹಿಡಿದ. ಆಪರೇಟರ್, "ಈಗ ರೀಲೇ ಇಲ್ಲ ಕಣಣ್ಣ, ಎಲ್ಲ ಮೇಲಿಂದ, ಸ್ಯಾಟ್ಲೈಟಿಂದ ಬತ್ತದೆ" ಎಂದು ಕೈಮುಗಿದ. ಚಿಕ್ಕಪ್ಪ ನಂಬಲಿಲ್ಲ. ಮಾರನೆಯ ದಿನ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಅಲ್ಲೂ ನೋಡಿದ. ಅಲ್ಲೂ ಹಿಮ, ಅಲ್ಲೂ ಹಾಡು.

ನಾಲ್ಕನೆಯ ದಿನ ಪೊಲೀಸ್ ಸ್ಟೇಷನ್ನಿನಿಂದ ನನಗೆ ಫೋನ್ ಬಂತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಚಿಕ್ಕಪ್ಪನ ಎದುರು ಪೇದೆಯೊಬ್ಬರು ಕಾಗದ ಇಟ್ಟುಕೊಂಡು, ನಗು ತಡೆಯಲಾಗದೆ ಕೂತಿದ್ದರು.

"ಯಾವಾಗಿಂದ ಕಾಣೆ?"

"ಮೂರನೇ ಪಾರ್ಟಲ್ಲಿ ಇಂಟ್ರವಲ್ ಆದ್ಮೇಲಿಂದ ಸಾ."

"ಯಾರ ಮೇಲೆ ಅನುಮಾನ?"

"ಡೈರೆಕ್ಟ್ರು ಮೇಲೆ ಸಾ."

"ಕಾಣೆಯಾದವಳು ನಿಮಗೇನಾಗಬೇಕು?"

"ನಂಗೇನೂ ಆಗ್ಬೇಕಿಲ್ಲ ಸಾ. ನಮ್ಮನೆಯವ್ಳು ಕೇಳವ್ಳೆ. ಏನಂತ ಯೋಳ್ಲಿ?"

"ಹಾಗಾದರೆ ಅವರನ್ನೇ ಕರಕೊಂಡು ಬನ್ನಿ."

"ಬರಕ್ಕಾಗಲ್ಲ ಸಾ."

ಪೇದೆಯ ನಗು ನಿಂತಿತು. ಕಾಗದ ಮಡಿಸಿಟ್ಟು, ಇಬ್ಬರಿಗೂ ಟೀ ತರಿಸಿ ಕಳಿಸಿದರು.

ಸುದ್ದಿ ಅತ್ತೆಯ ಕಿವಿಗೆ ಬೀಳದೆ ಇರುತ್ತದೆಯೇ? ಬಂದವಳೇ, "ನಿನ್ ಈರೋನೇ ಇನ್ನೊಬ್ಳನ್ ಕಟ್ಕಂಡ್ನಂತಲ್ಲ, ಇನ್ ನಿಂದೇನ್ಲಾ?" ಎಂದಳು. ಚಿಕ್ಕಪ್ಪ ಎದ್ದು ಹೋಗಿ ಟ್ರ್ಯಾಕ್ಟರಿನ ಹಿಂದೆ ಬರೆಸಿದ್ದ ನಾಯಕನ ಹೆಸರನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ ಉಜ್ಜಿ ಅಳಿಸಿದ. ನನಗೆ ಅಷ್ಟೊತ್ತಿಗೆ ಅರ್ಥವಾಗಿತ್ತು. ಸಿನಿಮಾ ಕೆಟ್ಟದಾಗಿತ್ತು ಎಂಬುದಲ್ಲ ಅವನ ದುಃಖ. ಸತ್ತವಳಿಗೆ ಹೇಳುತ್ತೇನೆ ಎಂದಿದ್ದ. ಹೇಳಲು ಅವನ ಹತ್ತಿರ ಏನೂ ಇರಲಿಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ನಮ್ಮಲ್ಲಿ ಹೋದವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಬಾಳೆಯೆಲೆಯಲ್ಲಿಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಚಿಕ್ಕಪ್ಪ ಚಿಕ್ಕಮ್ಮನ ಫೋಟೋದ ಮುಂದೆ ಒಬ್ಬಟ್ಟು, ಹೊಸ ಸೀರೆ, ಕಡ್ಲೆಪುರಿ ಇಟ್ಟ. ಜೇಬಿನಿಂದ ಆ ಹರಿಯದ ಟಿಕೆಟ್ ತೆಗೆದು ಎಲೆಯ ತುದಿಗೆ ಇಟ್ಟ. ಎಲ್ಲರೂ ಹೊರಗೆ ಬಂದೆವು. ಚಿಕ್ಕಪ್ಪ ಮಾತ್ರ ಬರಲಿಲ್ಲ. ಬಾಗಿಲನ್ನು ಒಳಗಿನಿಂದ ಎಳೆದುಕೊಂಡ.

ಒಳಗೆ ಇರಬಾರದು, ಹಾಗೆ ಯಾರೂ ಇರುವುದಿಲ್ಲ. ಕರೆಯೋಣ ಎಂದು ನಾನು ಬಾಗಿಲ ಹತ್ತಿರ ಹೋದೆ. ಒಳಗಿನಿಂದ ಪಿಸುಮಾತು, ಇಡೀ ಜಗಲಿಗೆ ಕೇಳಿಸುವಂಥ ಪಿಸುಮಾತು.

"ನೋಡ್ಕಬಂದಿವ್ನಿ ಕಣಮ್ಮಿ. ಸಂದಾಗದೆ. ಸಿಕ್ಕುದ್ಲು. ಹೊಳೆ ಆಕಡೆ ಯಾರೋ ಮುದುಕಿ ಎತ್ಕಂಡೋಗಿ ಸಾಕಿತ್ತು. ಅವ್ನು ಯಾರ್ನೂ ಮದ್ವೆ ಆಗ್ನಿಲ್ಲ. ಕಾಯ್ದ. ನೀನೇನೋ ಗಂಡಸ್ರ್ ಮಾತು ಅಂದಲ್ಲ, ಕಾಯ್ದ ನೋಡು. ಆಮ್ಯಾಕೆ ಕುದ್ರೆ ಮೇಲೆ ಕುಂಡುಸ್ಕಂಡು ಮನ್ಗೆ ಕರ್ಕಬಂದ."

ಮೂಗು ಒರೆಸಿಕೊಂಡ ಸದ್ದು.

"ಬಿಳೀ ಕುದ್ರೆ. ನೀ ಯೋಳಿದ್ದೇ ಸರಿ ಕಣಮ್ಮಿ, ನಾನೇ ಸಂದಾಗ್ ನೋಡಿರ್ನಿಲ್ಲ."

ಜಗಲಿಯ ಮೇಲೆ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಸದ್ದಾಗದಂತೆ ಹಿಂದೆ ಸರಿಯಬೇಕೆಂದಿದ್ದೆ, ಆದರೆ ನಾನು ಅಲ್ಲಿರುವುದು ಚಿಕ್ಕಪ್ಪನಿಗೆ ಗೊತ್ತಿತ್ತು. ಮುಚ್ಚಿದ ಬಾಗಿಲ ಆಚೆಯಿಂದಲೇ ಕೂಗಿದ.

"ಲೇ, ನೀನೂ ನೋಡ್ದಲ್ಲ. ಬಿಳೀದೇ ಅಲ್ವೇನ್ಲಾ?"

"ಬಿಳೀದೇ ಚಿಕ್ಕಪ್ಪ" ಎಂದೆ. "ನಾನೂ ನೋಡ್ದೆ. ಇಬ್ರೂ ಅದ್ರ ಮೇಲೇ ಬಂದ್ರು."